ಎಷ್ಟನೇ ನಂಬರ್ ಬಂದಿ, ಅಳಿಯಾ?

ಕಲಬುರಗಿಯಿಂದ ಹುಮನಾಬಾದ್, ಬೀದರ್ ಕಡೆಗೆ ಬಸ್ಸಿನಲ್ಲಿ ಹೋದವರಿಗೆ ಕಮಲಾಪುರ ಹೊಸದೇನಲ್ಲ. ಬಸ್ಸು ಪೂರಾ ನಿಲ್ಲುವ ಮೊದಲೇ ಕಿಟಕಿಗೆ ಕೆಂಬಾಳೆ ಹಣ್ಣು ಬಂದು ನಿಂತಿರುತ್ತದೆ! ಸಿಪ್ಪೆ ಕೆಂಪು, ಒಳಗೆ ಕೆನೆಬಣ್ಣ, ರುಚಿ... ಅದನ್ನು ಬರೆಯಲು ಬಾರದು, ತಿಂದೇ ನೋಡಬೇಕು. ಕಮಲಾಪುರದ ಹೆಸರಿನಲ್ಲೇ ಭೌಗೋಳಿಕ ಗುರುತು ಪಡೆದ ಹಣ್ಣು ಅದು. ರಸ್ತೆಯಂಚಿನ ಅಂಗಡಿ ಸಾಲಿನಲ್ಲಿ ಒಂದು ನನ್ನ ಸೋದರಮಾವನದು. ಅಂಗಡಿಯೆಂದರೆ ನಾಲ್ಕು ಗೂಟ, ಮೇಲೊಂದು ತಾಡಪತ್ರಿ, ಅಷ್ಟೆ. ಪಕ್ಕದ ಡಬ್ಬಿ ಅಂಗಡಿಯಲ್ಲಿ ನೀವೀಗ ಕೈಯಲ್ಲಿ ಹಿಡಿದಿರುವ ಈ ವಾರಪತ್ರಿಕೆಯೂ ತೂಗುತ್ತಿರುತ್ತದೆ.

ಮಾಮನ ಅಂಗಡಿಯ ಗೊನೆಗಳ ನಡುವೆ 2023ರಿಂದ ಒಂದು ಪದಕ ತೂಗುತ್ತಿದೆ. ಹಣ್ಣಿಗೆ ನಿಂತ ಗಿರಾಕಿಗೆಲ್ಲ ಮಾಮ ಅದನ್ನು ತೋರಿಸಿ, "ನಮ್ಮ ಅಳಿಯ ಮುಂಬಯಿದಾಗ 42 ಕಿಲೋಮೀಟರ್ ಓಡ್ಯಾನ್ರೀ" ಎನ್ನುತ್ತಿದ್ದ. ಮಾತು ಮಾಮನದು. ಅದರೊಳಗಿನ ಸುಳ್ಳು ಮಾತ್ರ ನನ್ನದು.

ಸಿನಿಮಾ ಪತ್ರಿಕೆಯಲ್ಲಿ ಈ ಓಟದ ಪುರಾಣ ಯಾಕಪ್ಪಾ ಎನ್ನುವಿರಾ? ತಾಳಿ, ಮೂಲ ತಪ್ಪು ಸಿನಿಮಾದ್ದೇ!

ಟಾಕೀಸಿನಲ್ಲಿ ಹಿಡಿದ ಹುಚ್ಚು

2013ರಲ್ಲಿ 'ಭಾಗ್ ಮಿಲ್ಖಾ ಭಾಗ್' ಬಂತು. ನನಗೆ ಆಗ ಹದಿನಾರು. ಫರ್ಹಾನ್ ಅಖ್ತರ್ ಪರದೆಯ ಮೇಲೆ ಬೆವರು ಸುರಿಸುತ್ತ ಓಡಿದ್ದನ್ನು ಒಂದೇ ವಾರದಲ್ಲಿ ಮೂರು ಸಲ ನೋಡಿದೆ. ನಾಲ್ಕನೆಯ ಸಲಕ್ಕೆ ರೊಕ್ಕ ಇರಲಿಲ್ಲ, ಅದಕ್ಕೇ ಓಡಲು ಶುರು ಮಾಡಿದೆ! ಮುಂದೆ ಪಿಯುಸಿ ಅರ್ಧಕ್ಕೇ ಬಿಟ್ಟೆ. ಓಟ ಬಿಡಲಿಲ್ಲ. ತಮಾಷೆ ನೋಡಿ, ಮಿಲ್ಖಾ ಸಿಂಗ್ ಓಡಿದ್ದು 400 ಮೀಟರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಕಂಚು ತಪ್ಪಿಸಿಕೊಂಡರು. ನನಗೆ ಹಿಡಿದದ್ದು ಮ್ಯಾರಥಾನ್, 42 ಕಿಲೋಮೀಟರ್ 195 ಮೀಟರಿನ ಹುಚ್ಚು. ಅದೇ ರೋಮ್‌ನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಎಂಬಾತ ಬರಿಗಾಲಲ್ಲಿ ಮ್ಯಾರಥಾನ್ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡಿಗೆ ಚಿನ್ನ ಗೆದ್ದ. ಅವನ ಸಿನಿಮಾ ಮೊದಲು ನೋಡಿದ್ದರೆ ಬೂಟಿನ ಖರ್ಚಾದರೂ ಉಳಿಯುತ್ತಿತ್ತು.

ಕಲಬುರಗಿಯಲ್ಲಿ ಓಡುವುದೆಂದರೆ ಮೂರು ಶತ್ರುಗಳು. ಮೊದಲನೆಯದು ಬಿಸಿಲು. ಏಪ್ರಿಲ್, ಮೇ ಬಂದರೆ ಪಾದರಸ 40 ದಾಟಿ ಕೂತುಬಿಡುತ್ತದೆ. ನಸುಕಿನ ನಾಲ್ಕಕ್ಕೆ ಎದ್ದರೂ ಗೋಡೆ ಬೆಚ್ಚಗೇ ಇರುತ್ತದೆ. ಎರಡನೆಯದು ನಾಯಿ. ರಿಂಗ್ ರೋಡಿನ ನಾಯಿಗಳಿಗೆ ನಾನು ಹತ್ತು ವರ್ಷದಿಂದ ಪರಿಚಯ, ಆದರೂ ಅವಕ್ಕೆ ದಾಕ್ಷಿಣ್ಯವಿಲ್ಲ. ಮೂರನೆಯದು ಪೊಲೀಸು. ಒಂದು ಸಲ ಪೇದೆಯೊಬ್ಬರು ಲಾಠಿ ಅಡ್ಡ ಹಿಡಿದು ನಿಲ್ಲಿಸಿಯೇಬಿಟ್ಟರು.

"ಏ, ನಿಂದ್ರು! ಯಾಕ ಓಡ್ಲತ್ತಿ? ಏನರ ತುಡುಗು ಮಾಡಿಯೇನು?"

"ಇಲ್ರೀ ಸಾಹೇಬ್ರ, ಪ್ರ್ಯಾಕ್ಟೀಸ್ ರೀ."

"ಯಾವ ನೌಕರಿಗಿ?"

ಯಾವ ನೌಕರಿಗೂ ಅಲ್ಲ ಎಂದಾಗಲೇ ಅವರಿಗೆ ನನ್ನ ಮೇಲೆ ನಿಜವಾದ ಸಂಶಯ ಬಂದದ್ದು!

2019ರ ಮೇ ತಿಂಗಳಲ್ಲಿ ಬೆಂಗಳೂರಿನ 10 ಕಿಲೋಮೀಟರ್ ಓಟಕ್ಕೆ ಹೋದೆ. 2008ರಲ್ಲಿ ಶುರುವಾದ ಓಟ ಅದು. ಕಬ್ಬನ್ ಪಾರ್ಕು, ಕಂಠೀರವ ಕ್ರೀಡಾಂಗಣದ ಸುತ್ತಿನ ಬೀದಿಗಳಲ್ಲಿ ಸಾವಿರಾರು ಜನ. ನಮ್ಮೂರಿನ ಮೇ ನೋಡಿದವನಿಗೆ ಬೆಂಗಳೂರಿನ ಮೇ ಆಷಾಢದಂತೆ ಕಂಡಿತು. ಹಾರಿಕೊಂಡು ಓಡಿ ಬಂದೆ. ಊರಿಗೆ ಮರಳಿದ ಮೇಲೆ ಮಾಮ ಕೇಳಿದ ಮೊದಲ ಪ್ರಶ್ನೆ: "ಎಷ್ಟನೇ ನಂಬರ್ ಬಂದಿ, ಅಳಿಯಾ?"

ನಂಬರಿನ ಲೆಕ್ಕ ಅಲ್ಲಿಲ್ಲ ಮಾಮಾ, ನಮ್ಮ ಟೈಮು ನಮಗೆ ಎಂದೆ.

"ಹಂಗಾದ್ರ ರೊಕ್ಕ ಎಷ್ಟು ಕೊಟ್ರು?"

ಅವರು ಕೊಡಲಿಲ್ಲ, ನಾನೇ ಕಟ್ಟಿದೆ ಎಂದೆ.

ಮಾಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವ್ವನ ಕಡೆ ತಿರುಗಿ, "ಅಕ್ಕಾ, ಇವನಿಗೊಂದು ಲಗ್ನ ಮಾಡಿಬಿಡು" ಎಂದ.

ಅಪ್ಪು ಹೋದ ದಿನ

2021ರ ಅಕ್ಟೋಬರ್ 29. ಆ ದಿನ ನೀವು ಎಲ್ಲಿದ್ದಿರಿ ಎಂದು ನಿಮಗೂ ನೆನಪಿರುತ್ತದೆ. ನಲವತ್ತಾರರ ಪುನೀತ್ ರಾಜ್‌ಕುಮಾರ್! ದಿನಾ ವ್ಯಾಯಾಮ ಮಾಡುವ, ಕುಣಿದರೆ ನೆಲಕ್ಕೆ ಕಾಲೂರದ ಮನುಷ್ಯ! ಹೃದಯ ನಿಂತುಹೋಯಿತೆಂದರೆ ಯಾರು ನಂಬಬೇಕು? ನಾನು ಎರಡು ವರ್ಷದ ಹಿಂದೆ ನಗುತ್ತ ಓಡಿದ್ದ ಬೀದಿಗಳಲ್ಲಿ, ಕಂಠೀರವ ಕ್ರೀಡಾಂಗಣದ ಸುತ್ತ, ಜನ ಕಣ್ಣೀರಿಟ್ಟುಕೊಂಡು ಸಾಲುಗಟ್ಟಿ ನಿಂತಿದ್ದನ್ನು ಟಿವಿಯಲ್ಲಿ ನೋಡಿದೆ.

ಆ ರಾತ್ರಿ ಅವ್ವ ನನ್ನ ಬೂಟು ಎತ್ತಿ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದಳು. "ಅಂಥಾ ಅಪ್ಪೂನೇ ಉಳೀಲಿಲ್ಲ. ನೀ ಯಾವ ಲೆಕ್ಕ? ಇನ್ನ ಓಡೋದು ಬ್ಯಾಡ." ನಮ್ಮ ಅವ್ವ ಒಬ್ಬಳೇ ಅಲ್ಲ, ಆ ದಿನಗಳಲ್ಲಿ ರಾಜ್ಯದ ತುಂಬ ಎದೆ ಪರೀಕ್ಷೆಗೆ ಜನ ಆಸ್ಪತ್ರೆಗಳಿಗೆ ಮುಗಿಬಿದ್ದರು. ಅವ್ವನ ಭಯವನ್ನು ನಾನು ನಕ್ಕು ತಳ್ಳಿಹಾಕಿದೆ. ಅದು ತಪ್ಪು, ಈಗ ಹೇಳುತ್ತೇನೆ. ದೂರದ ಓಟಕ್ಕೆ ಇಳಿಯುವವನು ಮೊದಲು ಡಾಕ್ಟರ ಹತ್ತಿರ ಹೋಗಿ ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಬೇಕು. ಮನೆತನದಲ್ಲಿ ಯಾರಿಗಾದರೂ ಎದೆನೋವಿತ್ತೇ ಎಂಬುದನ್ನು ಮುಚ್ಚಿಡಬಾರದು. ನಾನು ಮಾಡಿದ್ದೇನು ಗೊತ್ತೇ? ಹೊಸ ಬೂಟು ಸಾಲ ಮಾಡಿ ತಂದು ಗೆಳೆಯನ ಮನೆಯಲ್ಲಿ ಬಚ್ಚಿಟ್ಟೆ.

2022ರ ಆಗಸ್ಟಿನಲ್ಲಿ, ರಾಮೋಜಿ ಫಿಲ್ಮ್ ಸಿಟಿಯಲ್ಲಿ ಶೂಟಿಂಗ್ ಇದೆ, ವರದಿ ಮಾಡಬೇಕು ಎಂದು ಅವ್ವನಿಗೆ ಸುಳ್ಳು ಹೇಳಿ ಹೈದರಾಬಾದಿಗೆ ರೈಲು ಹತ್ತಿದೆ. (ಸಂಪಾದಕರು ಕ್ಷಮಿಸಬೇಕು, ನಿಮ್ಮ ಹೆಸರನ್ನೂ ಬಳಸಿಕೊಂಡಿದ್ದೆ.) ಅರ್ಧ ಮ್ಯಾರಥಾನ್, 21 ಕಿಲೋಮೀಟರ್. ಹುಸೇನ್ ಸಾಗರದ ದಂಡೆಯ ನೆಕ್ಲೇಸ್ ರಸ್ತೆಯಲ್ಲಿ ಶುರುವಾಗಿ ಗಚ್ಚಿಬೌಲಿ ಕ್ರೀಡಾಂಗಣದಲ್ಲಿ ಮುಗಿಯಿತು. ನಮ್ಮ ಕಡೆಯವರಿಗೆ ಹೈದರಾಬಾದ್ ಪರದೇಶವಲ್ಲ. 1956ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲೇ ಇತ್ತು. ದಾರಿಬದಿಯವರು ದಖನಿಯಲ್ಲಿ ಹುರಿದುಂಬಿಸಿದರೆ ನಮ್ಮೂರ ಆಳಂದ ನಾಕಾದಲ್ಲಿ ಓಡಿದಂತೆ ಇತ್ತು. ಆದರೆ ಆ ಫ್ಲೈಓವರುಗಳು! ಒಂದು ಹತ್ತಿ ಇಳಿದೆ ಎನ್ನುವಷ್ಟರಲ್ಲಿ ಇನ್ನೊಂದು. ಆಗಸ್ಟಿನ ಒದ್ದೆ ಸೆಕೆ ಬೇರೆ. ಅಂತೂ ಮುಗಿಸಿದೆ. ಕೊರಳಿಗೆ ಪದಕ ಬಿತ್ತು. ತಂದು ಗೆಳೆಯನ ಮನೆಯಲ್ಲೇ ಬಚ್ಚಿಟ್ಟೆ, ಬೂಟಿನ ಪಕ್ಕ.

ಆ ಪದಕವನ್ನು ನೆನಪಿಟ್ಟುಕೊಳ್ಳಿ.

ಪೆಡ್ಡರ್ ರಸ್ತೆಯ ಏರು

ಬಚ್ಚಿಟ್ಟದ್ದು ಎಷ್ಟು ದಿನ ಉಳಿದೀತು? ಬೂಟಿನ ಗುಟ್ಟು ಅವ್ವನಿಗೆ ದಸರೆಯೊಳಗೇ ಗೊತ್ತಾಯಿತು. ಅತ್ತಳು. ಪಂಚಾಯಿತಿಗೆ ಕಮಲಾಪುರದಿಂದ ಮಾಮ ಬಂದ. ನನ್ನನ್ನು ಕರೆದುಕೊಂಡು ಹೋಗಿ ಎದೆ ಪರೀಕ್ಷೆ ಮಾಡಿಸಿದ್ದು ಮಾಮನೇ. ಡಾಕ್ಟರು ಚೀಟಿ ನೋಡಿ ಎಲ್ಲ ಸರಿಯಿದೆ ಎಂದ ಮೇಲೆ, ಹೊರಗಿನ ಚಹಾದಂಗಡಿಯಲ್ಲಿ ಕೂತು ಕೇಳಿದ: "ಈ ಓಟದಾಗ ಎಲ್ಲಕ್ಕಿಂತ ದೊಡ್ಡದು ಎಲ್ಲಿ ಅದ?"

"ಮುಂಬಯಿ, ಮಾಮಾ."

ಮರುವಾರ ಆರು ಸಾವಿರ ರೂಪಾಯಿ ಕೊಟ್ಟ. ಕೆಂಬಾಳೆಯ ರೊಕ್ಕ. ಬೇರೆ ಬಾಳೆ ಒಂದು ವರ್ಷಕ್ಕೆ ಗೊನೆ ಕೊಟ್ಟರೆ ಇದು ಸುಮಾರು ಹದಿನೆಂಟು ತಿಂಗಳು ಕಾಯಿಸುತ್ತದೆ. ಗಾಳಿಗೆ ಬಿದ್ದರೆ, ರೋಗ ಬಂದರೆ ಕಾದದ್ದೆಲ್ಲ ನೀರಿಗೆ. ಅಂಥ ಹಣ. "ಈ ಸಲ ನಂಬರ್ ಕೇಳಂಗಿಲ್ಲ. ಮುಗಿಸ್ಕೊಂಡ್ ಬಾ, ಸಾಕು" ಎಂದ.

2023ರ ಜನವರಿ 15, ಭಾನುವಾರ. ಉದ್ಯಾನ್ ಎಕ್ಸ್‌ಪ್ರೆಸ್ ನಮ್ಮನ್ನು ಇಳಿಸುವ ಅದೇ ಛತ್ರಪತಿ ಶಿವಾಜಿ ಟರ್ಮಿನಸ್ಸಿನ ಎದುರು ಓಟದ ಗೆರೆ. 2004ರಿಂದ ನಡೆಯುತ್ತಿರುವ ಈ ಓಟಕ್ಕೆ ಆ ಊರೇ ರಸ್ತೆಗಿಳಿಯುತ್ತದೆ. ಕಿತ್ತಳೆ, ಬಿಸ್ಕತ್ತು, ಉಪ್ಪು, ಬೆಲ್ಲದ ಚಿಕ್ಕಿ, ಯಾರು ಯಾರೋ ಮನೆಯಿಂದ ತಂದು ಕೈಗಿಡುತ್ತಾರೆ. ಶರಣಬಸವೇಶ್ವರ ಜಾತ್ರೆಯ ದಾಸೋಹ ಕಂಡಿದ್ದ ನನಗೆ ಕಣ್ಣು ತುಂಬಿ ಬಂತು. ಹಿಂದಿ ಸಿನಿಮಾಗಳಲ್ಲಿ ಸಾವಿರ ಸಲ ನೋಡಿದ ಮರೀನ್ ಡ್ರೈವ್ ಮೇಲೆ ಕತ್ತಲಲ್ಲಿ ಕಾಲಿಟ್ಟಾಗ ನಾನೇ ಹೀರೋ! ಬೇರೆ ದಿನ ಕಾಲ್ನಡಿಗೆಯವರನ್ನು ಹತ್ತಗೊಡದ ಸಮುದ್ರ ಸೇತುವೆಯ ಮೇಲೆ ಅಂದು ನಮ್ಮದೇ ರಾಜ್ಯ. ಹೈದರಾಬಾದಿನ ಟೈಮನ್ನೂ ಹಿಂದೆ ಹಾಕಿ ಅರ್ಧ ದಾರಿ ಮುಗಿಸಿದೆ.

ಅಲ್ಲೇ ಕೆಟ್ಟದ್ದು. ಮನುಷ್ಯನ ಮೈಯಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ನಡುವೆ ಏನೂ ತಿನ್ನದೆ ಜೋರಾಗಿ ಓಡಿದರೆ ಸುಮಾರು 30 ಕಿಲೋಮೀಟರಿಗೆ ಅದು ಖಾಲಿ. ಓಟಗಾರರು ಅದನ್ನು 'ಗೋಡೆ' ಎನ್ನುತ್ತಾರೆ. ಖರೇನೇ ಗೋಡೆ! ಮೇಲಿಂದ ನಾನು ಉಪ್ಪು ಮುಟ್ಟದೆ ಬರೇ ನೀರು ಕುಡಿಯುತ್ತ ಬಂದಿದ್ದೆ. ಬೆವರಿನಲ್ಲಿ ಹೋದ ಉಪ್ಪು ವಾಪಸಾಗದೆ ನೀರೇ ತುಂಬಿಕೊಂಡರೆ ತಲೆ ತಿರುಗುತ್ತದೆ, ಮಿತಿಮೀರಿದರೆ ಜೀವಕ್ಕೂ ಅಪಾಯ. 35 ದಾಟಿದ ಮೇಲೆ ವಾಪಸು ದಾರಿಯಲ್ಲಿ ಪೆಡ್ಡರ್ ರಸ್ತೆಯ ಏರು. ಕಾರಿನಲ್ಲಿ ಹೋಗುವವನಿಗೆ ಅದು ಏರೆಂದೇ ಗೊತ್ತಾಗದು. ನನ್ನ ಎರಡೂ ಮೀನಖಂಡ ಹಿಡಿದುಕೊಂಡವು. ಫುಟ್‌ಪಾತಿನ ಅಂಚಿಗೆ ಕುಳಿತುಬಿಟ್ಟೆ.

ಲತಾ ಮಂಗೇಶ್ಕರ್ ಇದ್ದ ಪ್ರಭುಕುಂಜ್ ಇದೇ ರಸ್ತೆಯಲ್ಲಿದೆ. 1967ರಲ್ಲಿ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರಕ್ಕೆ ಕನ್ನಡದಲ್ಲಿ ಹಾಡಿದ ಲತಾಜಿ ತೀರಿಕೊಂಡು ಆಗ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಬೇರೆ ದಿನವಾಗಿದ್ದರೆ ಆ ಮನೆ ಹುಡುಕಿ ಕೈಮುಗಿದು ನಿಮಗೊಂದು ಲೇಖನ ಬರೆಯುತ್ತಿದ್ದೆ. ಅಂದು ತಲೆ ಎತ್ತಲೂ ಆಗಲಿಲ್ಲ. ಅಜ್ಜಿಯೊಬ್ಬರು ಉಪ್ಪು ಸಕ್ಕರೆ ನೀರು ಕುಡಿಸಿದರು. ನನಗಿಂತ ಹಿಂದಿದ್ದವರೆಲ್ಲ ಮುಂದೆ ಹೋದರು. ಕಡೆಗೆ ಸ್ವಯಂಸೇವಕರು ವ್ಯಾನಿಗೆ ಹತ್ತಿಸಿದರು. ಗೆರೆ ಮುಟ್ಟಲು ಆರೇಳು ಕಿಲೋಮೀಟರ್ ಉಳಿದಿತ್ತು. ಓಟ ಮುಗಿಸದವನಿಗೆ ಪದಕವಿಲ್ಲ, ಅದು ಎಲ್ಲ ಕಡೆ ಕಾನೂನು.

ರೈಲಿನಲ್ಲಿ ಇಡೀ ರಾತ್ರಿ ಹದಿನೆಂಟು ತಿಂಗಳ ಗೊನೆಯದೇ ಲೆಕ್ಕ. ಕಲಬುರಗಿಯಲ್ಲಿ ಇಳಿದವನು ಮನೆಗೆ ಹೋಗಲಿಲ್ಲ. ನೇರ ಗೆಳೆಯನ ಮನೆಗೆ ಹೋಗಿ ಹೈದರಾಬಾದಿನ ಪದಕ ತೆಗೆದು ಜೇಬಿಗೆ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಮಾಮನಿಗೆ ಇಂಗ್ಲಿಷ್ ಓದಲು ಬಾರದು.

ಪದಕವನ್ನು ಅಂಗೈಯಲ್ಲಿಟ್ಟು ತೂಕ ನೋಡಿದ. ಕಣ್ಣಿಗೊತ್ತಿಕೊಂಡ. ಒಳ್ಳೆಯ ಗೊನೆಯೊಂದನ್ನು ಪಕ್ಕಕ್ಕೆ ಸರಿಸಿ ಅಲ್ಲಿ ನೇತುಹಾಕಿದ. ಅದನ್ನು ನೋಡುತ್ತ ನಿಂತ ನಾನು ಬಾಯಿ ಬಿಡಲಿಲ್ಲ.

ಬೆಳಗಾವಿಯ ಫಡೆಪ್ಪ

ಅಂದಿನಿಂದ ಕಮಲಾಪುರಕ್ಕೆ ಹೋಗುವುದನ್ನೇ ಕಡಿಮೆ ಮಾಡಿದೆ. ಹೋದರೂ ಪದಕದ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದೆ. 2023ರ ಡಿಸೆಂಬರಿನಲ್ಲಿ ವಿಜಯಪುರದ ವೃಕ್ಷಥಾನ್ ಓಟಕ್ಕೆ ಹೋಗಿಬಂದೆ. ಚಳಿ, ಗೋಲಗುಂಬಜದ ಊರು, ಜೋಳದ ರೊಟ್ಟಿ, ಎಲ್ಲ ಚೆನ್ನಾಗಿತ್ತು. ಆದರೆ ಆ ಪದಕವನ್ನು ಯಾರಿಗೂ ತೋರಿಸುವ ಮನಸ್ಸಾಗಲಿಲ್ಲ.

ಆ ದಿನಗಳಲ್ಲೇ ನನಗೆ ಫಡೆಪ್ಪ ದಾರೆಪ್ಪ ಚೌಗುಲೆಯವರ ಸಂಗತಿ ಸಿಕ್ಕಿದ್ದು. ನಮ್ಮ ಬೆಳಗಾವಿ ಸೀಮೆಯವರು. 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋಗಿ ಮ್ಯಾರಥಾನ್ ಓಡಿದರು! ದೊರಾಬ್ಜಿ ಟಾಟಾ ಮುಂದೆ ನಿಂತು ಕಳಿಸಿದ ತಂಡ ಅದು. ಆ ಸಲದ ದಾರಿ ಉಳಿದೆಲ್ಲ ಒಲಿಂಪಿಕ್ಸ್‌ಗಿಂತ ಉದ್ದ, 42.75 ಕಿಲೋಮೀಟರ್. ನಮ್ಮ ಫಡೆಪ್ಪ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿದರು. ಎಷ್ಟನೇ ನಂಬರ್ ಗೊತ್ತೇ? ಹತ್ತೊಂಬತ್ತು. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ, ಭಾಷೆ ತಿಳಿಯದ ಊರಿನಲ್ಲಿ ಹತ್ತೊಂಬತ್ತನೆಯವನಾಗಿ ಬಂದ ಆ ಮನುಷ್ಯ ಊರಲ್ಲಿ ಏನು ಹೇಳಿಕೊಂಡಿರಬೇಕು? ಗಾಂಧಿನಗರದ ಯಾರಾದರೂ ನಿರ್ಮಾಪಕರು ಈ ಕತೆ ಕೈಗೆತ್ತಿಕೊಂಡರೆ ಮೊದಲ ದಿನದ ಮೊದಲ ಆಟಕ್ಕೆ ಸಾಲಿನಲ್ಲಿ ನಿಲ್ಲುವವನು ಈ ಬಡ ಲೇಖಕ. ಆದರೆ ದಯವಿಟ್ಟು ಕ್ಲೈಮ್ಯಾಕ್ಸಿನಲ್ಲಿ ಅವರನ್ನು ಮೊದಲನೆಯವರನ್ನಾಗಿ ಮಾಡಬೇಡಿ.

ನಾನೂ ಮತ್ತೆ ಮುಂಬಯಿಗೆ ಹಣ ಕೂಡಿಸಿದೆ. ಈ ಸಲ ನನ್ನದೇ. ನಿಮ್ಮ ಈ ಪತ್ರಿಕೆಗೆ ಬರೆದ ಲೇಖನಗಳ ಸಂಭಾವನೆ, ಒಂದು ಮದುವೆ ವಿಡಿಯೋದ ಕೂಲಿ. 2025ರ ಜನವರಿ 19ರಂದು ಅದೇ ಗೆರೆಯಲ್ಲಿ ನಿಂತೆ. ಮೊದಲ ಅರ್ಧ ಎತ್ತಿನ ಬಂಡಿಯಂತೆ ಹೋದೆ, ಪ್ರತಿ ಎಂಟು ಕಿಲೋಮೀಟರಿಗೆ ಏನಾದರೂ ತಿಂದೆ, ನೀರಿನ ಜೊತೆ ಉಪ್ಪು ಬಿಡಲಿಲ್ಲ. ಪೆಡ್ಡರ್ ರಸ್ತೆಯ ಏರು ನಡೆದೇ ಹತ್ತಿದೆ, ನಾಚಿಕೆಯಿಲ್ಲ. ಒಟ್ಟು 5 ಗಂಟೆ 18 ನಿಮಿಷ. ಗೆರೆ ದಾಟಿ ಅಳಲಿಲ್ಲ, ಹಸಿವಾಗಿತ್ತು.

ಕಮಲಾಪುರದ ಓಟ

ಶಿವರಾತ್ರಿಗೆ ಹತ್ತು ದಿನ ಮುಂಚೆ, ಫೆಬ್ರವರಿ 16ರ ಭಾನುವಾರ, ನಸುಕಿನಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಿಂದ ಹೊರಟೆ. ಬಸ್ಸಿನಲ್ಲಿ ಹೋಗಿ ಹೇಳಬಹುದಿತ್ತು. ಆದರೆ ಎರಡು ವರ್ಷ ಬಸ್ಸಿನಲ್ಲಿ ಹೋಗಿಯೇ ಹೇಳದೆ ಬಂದವನು ನಾನು. ಕಲಬುರಗಿಯಿಂದ ಕಮಲಾಪುರಕ್ಕೆ ಹೆಚ್ಚುಕಡಿಮೆ ಮೂವತ್ತಾರು ಕಿಲೋಮೀಟರ್. ಮುಂಬಯಿಯಲ್ಲಿ ನಾನು ಕುಸಿದು ಕೂತಷ್ಟೇ ದೂರ. ಗೆಳೆಯ ಬೈಕಿನಲ್ಲಿ ನೀರು, ಉಪ್ಪು, ಬೆಲ್ಲ ಹಿಡಿದು ಹಿಂದೆ ಬಂದ. ಜೇಬಿನಲ್ಲಿ ಹೊಸ ಪದಕ.

ಕಪನೂರು ದಾಟುವವರೆಗೆ ಲಾರಿಗಳ ದೀಪ. ಮಹಾಗಾಂವ ಕ್ರಾಸಿನ ಹೋಟೆಲಿನವರು ಚಹಾ ಕುಡಿದು ಹೋಗು ಎಂದು ಕೂಗಿದರು. ಕುರಿಕೋಟಾ ಸೇತುವೆಯ ಮೇಲೆ ಒಂದು ನಿಮಿಷ ನಿಂತು ನೀರು ನೋಡಿದೆ. ಕಪ್ಪು ನೆಲ ಹಿಂದೆ ಬಿದ್ದು ಕೆಂಪು ಮಣ್ಣು ಕಂಡಾಗ ಕಾಲಿಗಿಂತ ಎದೆ ಹೊಡೆದುಕೊಳ್ಳುತ್ತಿತ್ತು. ಚಪ್ಪಾಳೆಯಿಲ್ಲ, ಚಿಪ್ಪಿಲ್ಲ, ಗೆರೆಯಿಲ್ಲ. ಒಬ್ಬ ಟ್ರ್ಯಾಕ್ಟರಿನವನು ಮಾತ್ರ "ಬಸ್ ತಪ್ಪೀತೇನ್ರೀ?" ಎಂದು ಕೇಳಿದ.

ಒಂಬತ್ತೂಕಾಲಕ್ಕೆ ಮಾಮನ ಅಂಗಡಿ. ಕುಳಿತುಕೊಳ್ಳದೆ ಎಲ್ಲ ಹೇಳಿದೆ. ಪೆಡ್ಡರ್ ರಸ್ತೆ, ವ್ಯಾನು, ಹೈದರಾಬಾದಿನ ಪದಕ, ಎಲ್ಲ. ಮಾಮ ಹಣ್ಣು ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತದ" ಎಂದ.

ನನ್ನ ಮೈ ಬೆವರು ತಣ್ಣಗಾಯಿತು.

"ಅದೇ ವರ್ಷ ಯುಗಾದಿ ಹೊತ್ತಿಗೇ ಗೊತ್ತಾತು. ಬೀದರಿನ ಮಾಸ್ತರೊಬ್ರು ಹಣ್ಣು ತಗೋತ ಓದಿ ಹೇಳಿದ್ರು, ಇದು ಹೈದರಾಬಾದದ್ದು, ಇಪ್ಪತ್ತೊಂದು ಅಂತ ಬರೆದದ ಅಂತ."

"ಮತ್ತ ಯಾಕ ಕೇಳಲಿಲ್ಲ, ಮಾಮಾ?"

ಆಗ ತಲೆ ಎತ್ತಿದ. ಸಿಟ್ಟು ಬಂದಿತ್ತು. "ನಾ ಯಾಕ ಕೇಳ್ಬೇಕು? ರೊಕ್ಕದ ಮಾತಲ್ಲ ಇದು. ಎಷ್ಟು ಮಂದಿಗಿ ಹೇಳೀನಿ ನಾ! ಇಡೀ ರೋಡಿಗಿ ಹೇಳೀನಿ. ಅದು ತಿಳಿದ ದಿನದಿಂದ ಮುಂಬಯಿ ಅನ್ನೋದು ಬಿಟ್ಟೀನಿ. ಅಳಿಯ ಓಡ್ತಾನ್ರಿ ಅಂತೀನಿ, ಅಷ್ಟೇ. ನೀ ಯಾವಾಗ ಹೇಳ್ತಿ ಅಂತ ಕುಂತೀನಿ."

ನಾನು ಹೊಸ ಪದಕ ತೆಗೆದು ಕೊಟ್ಟೆ. ಇದು ಖರೇ ಮುಂಬಯಿದು, ಅದನ್ನ ತೆಗೆದು ಇದನ್ನ ಹಾಕು ಎಂದೆ. ಮಾಮ ಅದನ್ನೂ ಅಂಗೈಯಲ್ಲಿ ತೂಗಿ ನೋಡಿದ. ಈ ಸಲ ಕಣ್ಣಿಗೊತ್ತಿಕೊಳ್ಳಲಿಲ್ಲ.

"ಇದು ನಿಮ್ಮವ್ವಗ ಕೊಡು. ಬೂಟಿಗಿ ಕೀಲಿ ಹಾಕಿ ಅತ್ತಾಕಿ ಆಕಿ. ಇಲ್ಲಿ ಇದೇ ಇರ್ಲಿ, ಗಿರಾಕಿಗೆಲ್ಲ ರೂಢಿ ಆಗ್ಯಾದ."

ಆಮೇಲೆ ಎರಡು ಹಣ್ಣು ಕಿತ್ತು ಕೈಗಿಟ್ಟ. ಒಂದನ್ನು ಸುಲಿಯುವಾಗ ನನ್ನ ಕೈ ನಡುಗುತ್ತಿತ್ತು, ಓಟದ ಸುಸ್ತೆಂದುಕೊಳ್ಳಿ.

"ಅದಿರ್ಲಿ, ಈ ಸಲ ಎಷ್ಟನೇ ನಂಬರ್ ಬಂದಿ?"

"ಐದು ಸಾವಿರದ ಮ್ಯಾಲ, ಮಾಮಾ."

ಉತ್ತರ ಅವನಿಗೆ ಕೇಳಿಸಿತೋ ಇಲ್ಲವೋ. ಬೀದರ್ ಬಸ್ಸು ಬಂದಿತ್ತು. ಮಾಮ ಎರಡೂ ಕೈಯಲ್ಲಿ ಹಣ್ಣಿನ ಚಿಪ್ಪು ಎತ್ತಿಕೊಂಡು ಕಿಟಕಿಯ ಕಡೆಗೆ ಓಡಿದ.